ಹಳ್ಳದಾಚೆಗೆ ಬಿಟ್ಟ ಹೆಗ್ಗಣಗಳು

ನಮ್ಮ ಮನೆಯಲ್ಲಿ ಸೊಳ್ಳೆಯನ್ನೂ ಹೊಡೆಯುವಂತಿರಲಿಲ್ಲ, ಊದಿ ಓಡಿಸಬೇಕಿತ್ತು. ಸಕ್ಕರೆ ಡಬ್ಬಿಗೆ ಇರುವೆ ಬಂದರೆ ಡಬ್ಬಿಯನ್ನು ಬಿಸಿಲಿಗಿಟ್ಟು ಅವು ತಾವಾಗಿ ಹೋಗುವ ತನಕ ಕಾಯಬೇಕು. ಅಲ್ಲಿಯವರೆಗೆ ಚಹಾಕ್ಕೆ ಬೆಲ್ಲ. ಚೇಳು ಕಂಡರೆ ಇಕ್ಕಳದಲ್ಲಿ ಹಿಡಿದು ಗೋಡೆಯಾಚೆ ಹಾಕಬೇಕು, ಗೋಡೆಯಾಚೆ ಯಾರ ಮನೆ ಎಂದು ಕೇಳಬಾರದು. ಇದು ನಮ್ಮ ಆಯಿಯ ಕಾನೂನು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಬಾಯಲ್ಲಿ ಸದಾ ಶರಣರ ಮಾತು, ಸೊಂಟದಲ್ಲಿ ಮನೆಯ ಎಲ್ಲ ಬೀಗದ ಕೈಗಳ ಗೊಂಚಲು. ಆಳಂದದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಜಗಳವಾದರೂ ನ್ಯಾಯ ಹೇಳಲು ಆಯಿಯೇ ಆಗಬೇಕು. ದಯಾವಂತರ ಮನೆ ಎಂದು ಜನ ನಮ್ಮ ಮನೆಯನ್ನು ಕರೆಯುತ್ತಿದ್ದರು. ಆ ಮಾತು ಕೇಳಿ ಕೇಳಿ ನಾನೂ ಕತ್ತು ನೆಟ್ಟಗೆ ಮಾಡಿಕೊಂಡು ನಡೆಯುವ ಹುಡುಗಿಯಾಗಿದ್ದೆ. ನಮ್ಮಂಥವರು ಊರಲ್ಲೇ ಇಲ್ಲ ಎಂಬ ಸೊಕ್ಕು ನನಗೆ ಹಾಲಿನ ಜೊತೆಗೇ ಬಂದಿತ್ತು.

ಮನೆ ಕಲ್ಲಿನದು, ಮೇಲೆ ಮಣ್ಣಿನ ಮಾಳಿಗೆ. ಬಾಗಿಲು ದಾಟಿದರೆ ಪಡಸಾಲೆ. ಅಪ್ಪನದು ತೊಗರಿಯ ಅಡತಿ ವ್ಯಾಪಾರ, ಹೀಗಾಗಿ ಸುಗ್ಗಿಯಲ್ಲಿ ಪಡಸಾಲೆಯಲ್ಲಿ ಚೀಲಗಳು ಮಲಗುತ್ತಿದ್ದವು, ನಾವು ಅವುಗಳ ನಡುವೆ ಜಾಗ ಹುಡುಕಿಕೊಳ್ಳಬೇಕಿತ್ತು. ಒಳಗೆ ಅಡಿಗೆಮನೆ. ಅಲ್ಲಿ ಬೆಳಕಿಂಡಿಯಿಂದ ಬೀಳುವ ಒಂದು ತುಂಡು ಬಿಸಿಲಿನಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಜೇವರ್ಗಿ ಕಡೆಯವಳು, ಅಂದೋಲಾದ ಒಕ್ಕಲುತನದ ಮನೆಯಿಂದ ಬಂದವಳು. ಅವಳ ಮನಸ್ಸಿನಲ್ಲಿ ಏನಿದೆ ಎಂಬುದು ರೊಟ್ಟಿ ಬಡಿಯುವ ಸಪ್ಪಳದಿಂದ ತಿಳಿಯುತ್ತಿತ್ತು, ಬಾಯಿಯಿಂದ ತಿಳಿಯುವುದು ಅಪರೂಪ. ಅಡಿಗೆಮನೆ ದಾಟಿದರೆ ಬಚ್ಚಲು, ಬಚ್ಚಲು ದಾಟಿದರೆ ಹಿತ್ತಲು. ಆ ಹಿತ್ತಲೆಂದರೆ ಆಯಿಗೆ ಪ್ರಾಣ. ಲಿಂಗಪೂಜೆಗೆ ಬೇಕಾದ ಪತ್ರಿ ಗಿಡ, ಕಣಗಿಲೆ, ಮಲ್ಲಿಗೆ ಬಳ್ಳಿ ಒಂದು ಕಡೆ. ಬದನೆ, ಪುಂಡಿಪಲ್ಲೆ, ಶೇಂಗಾ, ಗೆಣಸು ಇನ್ನೊಂದು ಕಡೆ. ಶಿವರಾತ್ರಿಯ ಉಪವಾಸಕ್ಕೆ ಪೇಟೆಯ ಗೆಣಸು ನಮ್ಮ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ, ಹಿತ್ತಲಿನದೇ ಆಗಬೇಕು. ಬಂದವರಿಗೆಲ್ಲ ಆಯಿ ‘ನನ್ನ ಹಿತ್ತಲ ನೋಡ್ರಿ’ ಎಂದು ಕರೆದೊಯ್ದು ತೋರಿಸುತ್ತಿದ್ದಳು. ಅಗೆಯುವುದು, ಬಾವಿಯಿಂದ ನೀರು ಸೇದಿ ಹಾಕುವುದು, ಕಳೆ ಕೀಳುವುದು ಮಾತ್ರ ಅವ್ವ.

ಆ ಹಿತ್ತಲಿಗೆ ಹೆಗ್ಗಣ ಬಿದ್ದವು. ಬಚ್ಚಲ ಮೋರಿಯ ಪಕ್ಕದಿಂದ ಬಿಲ ತೋಡಿಕೊಂಡು ನೇರ ಗೆಣಸಿನ ಮಡಿಯ ಕೆಳಗೇ ಬಂದು ಎದ್ದವು. ಬೆಳಿಗ್ಗೆ ನೋಡಿದರೆ ಹಸಿ ಮಣ್ಣಿನ ಗುಡ್ಡೆ, ಅರ್ಧ ತಿಂದು ಬಿಸಾಕಿದ ಗೆಣಸು, ಬುಡ ಸಡಿಲಾಗಿ ಒರಗಿದ ಬದನೆ ಗಿಡ. ಇಲಿ ಅಂದುಕೊಂಡು ನಮ್ಮ ಬೆಕ್ಕು ಒಮ್ಮೆ ಹತ್ತಿರ ಹೋಗಿ, ಮುಖ ನೋಡಿ, ತಾನೇ ಮಾಳಿಗೆ ಹತ್ತಿಬಿಟ್ಟಿತು. ಅವ್ವ ಬಿಲಕ್ಕೆ ಕಲ್ಲು ತುಂಬಿದಳು, ಮುಳ್ಳು ತುರುಕಿದಳು, ಮೆಣಸಿನಕಾಯಿ ಹೊಗೆ ಹಾಕಿದಳು. ಹೊಗೆಗೆ ನಾವು ಮನೆಮಂದಿಯೆಲ್ಲ ಕೆಮ್ಮಿ ಬೀದಿಗೆ ಓಡಿಬಂದೆವು, ಹೆಗ್ಗಣ ಬರಲಿಲ್ಲ. ಪಕ್ಕದ ಮನೆಯವರು ಪಾಷಾಣ ಇಡಿ ಎಂದರು. ಆಯಿ ಎರಡೂ ಕಿವಿ ಮುಚ್ಚಿಕೊಂಡಳು.

“ಆ ಶಬ್ದ ಈ ಮನ್ಯಾಗ ಆಡಬ್ಯಾಡ್ರಿ. ಅದಕ್ಕೂ ಹೊಟ್ಟಿ ಅದ, ಅದಕ್ಕೂ ಮಕ್ಕಳವ.”

ಹೀಗಾಗಿ ಕಮ್ಮಾರನಿಗೆ ಹೇಳಿ ಕಬ್ಬಿಣದ ದೊಡ್ಡದೊಂದು ಪಿಂಜರಾ ಮಾಡಿಸಿದರು. ಆ ಪಿಂಜರಾದ ವೈಭೋಗ ಏನು ಹೇಳಲಿ! ಅದರೊಳಗೆ ಕಟ್ಟಲು ಪೇಟೆಯಿಂದ ಬಿಸಿ ಬಿಸಿ ಮಿರ್ಚಿ ಭಜಿ ಬರುತ್ತಿತ್ತು. ನಮಗೆ ಕೇಳಿದರೂ ಸಿಗದ ಭಜಿ. ಬೆಳಿಗ್ಗೆ ಒಳಗೆ ಹೆಗ್ಗಣ ಬಿದ್ದಿದ್ದರೆ ಅದನ್ನು ಯಾರೂ ಮುಟ್ಟುವಂತಿಲ್ಲ. ಆಯಿ ಸ್ನಾನ, ಪೂಜೆ ಮುಗಿಸಿ ಬಂದು ಪಿಂಜರಾದ ಮುಂದೆ ಮಣೆ ಹಾಕಿಕೊಂಡು ಕೂಡುತ್ತಿದ್ದಳು. ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರುಗಳನ್ನು ಸರಳುಗಳ ಸಂದಿಯಿಂದ ಒಳಗೆ ಹಾಕುವಳು. ಆಮೇಲೆ ಒಂದು ಚಿಟಿಕೆ ವಿಭೂತಿ ತೆಗೆದು ಅದರ ಮೇಲೆ ಊದುವಳು. ಹೆಗ್ಗಣ ಸೀನುತ್ತಿತ್ತು.

“ಯಾವ ಜನ್ಮದಾಗ ಏನ್ ಆಗಿದ್ಯೋ, ಈ ಜನ್ಮದಾಗ ಹಿಂಗ ಬಂದಿ. ಉಂಡು ಹೋಗಪಾ. ಹೋಗಿ ಬಾ.”

ಹೊರಟವರಿಗೆ ಬರೀ ‘ಹೋಗು’ ಎನ್ನುವುದು ನಮ್ಮ ಕಡೆ ಅಪಶಕುನ. ಅದು ಹೆಗ್ಗಣಕ್ಕೂ ಲಾಗೂ. ಅವ್ವ ಒಮ್ಮೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕದ್ದನ್ನು ನೋಡಿದ್ದೇನೆ.

“ಹೋಗಿ ಬಾ ಅಂದ್ರ ಬರದ ಬಿಡ್ತದೇನ್ರಿ ಅತ್ತಿ?”

ಆಯಿ ಕೆಕ್ಕರಿಸಿ ನೋಡಿದಳು, ಅವ್ವ ಒಳಗೆ ಹೋದಳು. ಮುಂದಿನ ಕೆಲಸ ಮಲ್ಲಣ್ಣ ಕಾಕಾನದು. ಕಾಕಾ ಅಪ್ಪನ ತಮ್ಮ, ಮದುವೆಯಾಗದವನು, ಸೈಕಲ್ ಹೊಡೆಯುವುದನ್ನು ಬಿಟ್ಟರೆ ಬೇರೆ ಯಾವ ಕೆಲಸದಲ್ಲೂ ಅವನಿಗೆ ಆಸಕ್ತಿ ಇರಲಿಲ್ಲ. ಪಿಂಜರಾವನ್ನು ಕ್ಯಾರಿಯರ್‌ಗೆ ಹಗ್ಗದಿಂದ ಬಿಗಿದು, ಮೇಲೆ ಗೋಣಿಚೀಲ ಹೊದಿಸಿ, ಯಾರಾದರೂ ಕೇಳಿದರೆ ‘ಕೋಳಿ’ ಎನ್ನುವಂತಿಲ್ಲದ ಮನೆತನವಾದ್ದರಿಂದ ‘ಬದನಿಕಾಯಿ’ ಎನ್ನುತ್ತ ಹೋಗುತ್ತಿದ್ದ. ಎಲ್ಲಿ ಬಿಡಬೇಕೆಂದು ಆಯಿ ಮೊದಲ ದಿನವೇ ಹೇಳಿಕೊಟ್ಟಿದ್ದಳು.

“ಹಳ್ಳದ ಆಚೀಗಿ ಬಿಟ್ಟು ಬಾ. ಅಲ್ಲಿ ಯಾರೂ ಇಲ್ಲ.”

ಹಳ್ಳದ ಆಚೆ ಎಂಬ ಮಾತು ನಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಒಡೆದ ಗಡಿಗೆ ಹಳ್ಳದ ಆಚೆ. ಸತ್ತ ಕರು ಹಳ್ಳದ ಆಚೆ. ಮಗುವಿನ ಜವಳ ತೆಗೆಸಿದ ಕೂದಲು, ರೋಗಿ ಮಲಗಿದ್ದ ಗಾದಿ, ಅಮಾವಾಸ್ಯೆಗೆ ದೃಷ್ಟಿ ಇಳಿಸಿದ ನಿಂಬೆಹಣ್ಣು ಎಲ್ಲ ಅಲ್ಲಿಗೇ. ಅದೊಂದು ಖಾಲಿ ಬಯಲು ಎಂದೇ ನನ್ನ ತಲೆಯಲ್ಲಿತ್ತು. ನಿಜಕ್ಕೂ ಅಲ್ಲಿ ದೊಡ್ಡದೊಂದು ಓಣಿ ಇತ್ತು. ಹಿರಿಯರ ಕಾಲದಲ್ಲಿ ಬೌದ್ಧ ಧರ್ಮಕ್ಕೆ ಬಂದ ಮನೆತನಗಳು. ಆಯಿ ಮಾತ್ರ ಅವರನ್ನು ಹಳೆಯ ಜಾತಿಯ ಹೆಸರಿನಿಂದಲೇ, ಅದೂ ದನಿ ತಗ್ಗಿಸಿ ಕರೆಯುತ್ತಿದ್ದಳು. ಮೇಲು ಕೀಳು ಇಲ್ಲವೆಂದ ಶರಣರ ವಚನಗಳನ್ನು ಬಾಯಿಪಾಠ ಹೇಳಿದ ಬಾಯಿಯೇ ಅದು. ಆ ಓಣಿಯ ಜನರನ್ನು ನಾನು ದಿನಾ ನೋಡುತ್ತಿದ್ದೆ. ಅಪ್ಪನ ಅಂಗಡಿಯಲ್ಲಿ ತೊಗರಿ ಹಸನು ಮಾಡುವ ಹೆಂಗಸರು ಅಲ್ಲಿಯವರೇ, ನನ್ನ ತರಗತಿಯ ಸುಜಾತಾ ಅಲ್ಲಿಯವಳೇ. ಆದರೂ ಆ ಜನ ಬೇರೆ, ‘ಯಾರೂ ಇಲ್ಲದ’ ಆ ಜಾಗ ಬೇರೆ ಎಂಬಂತೆ ಬೆಳೆದಿದ್ದೆ. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ನನಗೆ ಯಾರೂ ಕಲಿಸಿರಲಿಲ್ಲ, ನಾನಾಗಿಯೂ ಕಲಿತಿರಲಿಲ್ಲ.

ಆ ವರ್ಷ ನಮ್ಮ ಶಾಲೆಗೆ ವಿಶಾಖಾ ಅಕ್ಕೋರು ಬಂದರು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಗಂಜಿ ಹಾಕಿದ ಕಾಟನ್ ಸೀರೆ, ಬಿಸಿಲಿಗೊಂದು ಕಪ್ಪು ಕೊಡೆ, ಬೋರ್ಡಿನ ಮೇಲೆ ಅಳೆದು ಬರೆದಂಥ ದುಂಡನೆಯ ಅಕ್ಷರ. ಮನೆಯಲ್ಲಿ ಎಲ್ಲರಿಗೂ ನಾನು ‘ನೀಲಿ’, ಅವರೊಬ್ಬರು ಮಾತ್ರ ‘ನೀಲಾ’ ಎನ್ನುತ್ತಿದ್ದರು. ಅಷ್ಟಕ್ಕೇ ನಾನು ಅವರಿಗೆ ಮರುಳಾಗಿದ್ದೆ. ಹಿತ್ತಲಿನ ಮಲ್ಲಿಗೆಯನ್ನು ಕಟ್ಟಿಕೊಂಡು ಹೋಗಿ ಅವರ ಮೇಜಿನ ಮೇಲಿಡುತ್ತಿದ್ದೆ. ಅವರು ಎಲ್ಲಿರುತ್ತಾರೆ, ಅವರ ಮನೆಯಲ್ಲಿ ಯಾರಿದ್ದಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅಕ್ಕೋರು ಅಂದಮೇಲೆ ಶಾಲೆಯಲ್ಲೇ ಹುಟ್ಟಿ ಶಾಲೆಯಲ್ಲೇ ಇರುತ್ತಾರೆ ಎಂದುಕೊಂಡಿದ್ದೆನೋ ಏನೋ. ಒಂದು ದಿನ ಅವರು, ಪ್ರತಿಯೊಬ್ಬರೂ ಎದ್ದು ನಿಂತು ನಿಮ್ಮ ನಿಮ್ಮ ಮನೆಯ ಒಂದು ಒಳ್ಳೆಯ ರೂಢಿ ಹೇಳಿ ಎಂದರು. ಒಬ್ಬಳು ಹಿರಿಯರಿಗೆ ನಮಸ್ಕಾರ ಮಾಡುತ್ತೇವೆ ಎಂದಳು, ಇನ್ನೊಬ್ಬ ದಿನಾ ಹಲ್ಲುಜ್ಜುತ್ತೇವೆ ಎಂದ. ನನಗೆ ಇವರೆಲ್ಲ ಎಷ್ಟು ಸಾದಾ ಜನ ಎನಿಸಿತು. ನನ್ನ ಸರದಿ ಬಂದಾಗ ಎದ್ದು ನಿಂತು ಇಡೀ ಕತೆ ಹೇಳಿದೆ. ಪಾಷಾಣ ಬೇಡವೆಂದದ್ದು, ಪಿಂಜರಾ, ಹಾಲಿನ ರೊಟ್ಟಿ, ವಿಭೂತಿ, ಹೋಗಿ ಬಾ. ಆಯಿಯ ದನಿ ತೆಗೆದು ಆಡಿಯೂ ತೋರಿಸಿದೆ. ತರಗತಿ ನಕ್ಕಿತು, ಅಕ್ಕೋರೂ ನಕ್ಕರು.

“ಭಾಳ ಚಂದ ಹೇಳಿದಿ ನೀಲಾ. ಆಮ್ಯಾಲೆ ಅವನ್ನ ಎಲ್ಲಿ ಬಿಡ್ತೀರಿ?”

“ಹಳ್ಳದ ಆಚೀಗ್ರಿ ಅಕ್ಕೋರ. ಅಲ್ಲಿ ಯಾರೂ ಇಲ್ರಿ.”

ಅಕ್ಕೋರ ನಗು ನಿಂತಿತು. ಮುಂದಿನ ಸಾಲಿನಲ್ಲಿದ್ದ ಸುಜಾತಾ ಗರ್ರನೆ ತಿರುಗಿದಳು.

“ಯಾರೂ ಇಲ್ಲಂದ್ರ? ನಾವು ಅದೇವಲ್ಲ ಬೇ! ನಮ್ಮನಿ ಹಿಂದಿನ ಗ್ವಾಡಿ ಬಿದ್ದದ್ದು ನಿಮ್ಮ ಹೆಗ್ಗಣದಿಂದೇನು?”

ಹಿಂದಿನ ಸಾಲಿನವರು ಹೋ ಎಂದು ನಕ್ಕರು. ಸುಜಾತಾಳಿಗೆ ಏನೋ ಹೊಳೆದಂತಾಗಿ ಅಕ್ಕೋರ ಕಡೆ ನೋಡಿದಳು.

“ಅಕ್ಕೋರ, ನಿಮ್ಮ ಅವ್ವನ ಕಾಲು ಕಡದದ್ದೂ ಅವೇ ಇರ್ಬೇಕಲ್ರಿ?”

“ಸುಮ್ಕ ಕೂಡು ಸುಜಾತಾ. ನೀಲಾ, ನೀನೂ ಕೂಡು.”

ಕುಳಿತೆ. ಬಿಡುವಿನಲ್ಲಿ ಸುಜಾತಾಳೇ ನನ್ನ ಮುಂದೆ ಬಂದು ನಿಂತು ಎಲ್ಲ ಹೇಳಿದಳು. ಅಕ್ಕೋರ ಮನೆ ಅವಳ ಮನೆಯ ಪಕ್ಕದ್ದೇ. ಅಕ್ಕೋರ ತಾಯಿಗೆ ಸಕ್ಕರೆ ಬೇನೆ, ಪಾದಕ್ಕೆ ಮುಟ್ಟಿದರೂ ತಿಳಿಯುವುದಿಲ್ಲ. ಮಲಗಿದ್ದಾಗ ಹೆಗ್ಗಣ ಬಂದು ಕಾಲಿನ ಬೆರಳು ಕಡಿದಿತ್ತು; ಬೆಳಿಗ್ಗೆ ಹಾಸಿಗೆಯಲ್ಲಿ ರಕ್ತ ನೋಡಿದ ಮೇಲೇ ಅವರಿಗೆ ಗೊತ್ತಾದದ್ದು. ಗಾಯ ಮಾಯಲಿಲ್ಲ. ಕಲಬುರಗಿಯ ದವಾಖಾನೆಯಲ್ಲಿ ಬೆರಳು ತೆಗೆದರು, ಈಗ ಪಾದವೂ ಉಳಿಯುತ್ತದೋ ಇಲ್ಲವೋ ಎನ್ನುತ್ತಿದ್ದಾರೆ. ಇದನ್ನೆಲ್ಲ ಸುಜಾತಾ ಸಿಟ್ಟಿನಿಂದ ಹೇಳಲಿಲ್ಲ, ಊರ ಸುದ್ದಿ ಹೇಳುವ ಹಾಗೆ ಹೇಳಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟೊಂದು ಬಡಾಯಿಯಿಂದ, ಆಯಿಯ ದನಿ ತೆಗೆದು, ಅವರ ಮುಂದೆಯೇ! ಆ ದಿನ ಶಾಲೆ ಬಿಟ್ಟಾಗ ಅಕ್ಕೋರ ಮುಖ ನೋಡದೆ ಓಡಿಬಂದೆ.

ಸಂಜೆ ಎಲ್ಲರೂ ಊಟಕ್ಕೆ ಕುಳಿತಾಗ ಹೇಳಿದೆ. ಅಳುತ್ತ ಹೇಳಿದೆ. ಅವ್ವ ಒಲೆಯ ಮುಂದಿದ್ದಳು, ಅವಳ ಕೈ ನಿಂತಿತು. ಅಪ್ಪ ತುತ್ತು ಹಿಡಿದವರು ಹಾಗೇ ಹಿಡಿದುಕೊಂಡರು. ಆಯಿಗೆ ಮಾತ್ರ ಸಿಟ್ಟು ನೆತ್ತಿಗೇರಿತು.

“ನಾವೇನು ಕಡೀರಿ ಅಂತ ಹೇಳಿ ಕಳಿಸೇವೇನು? ಹೆಗ್ಗಣ ಎಲ್ಲಾ ಊರಾಗೂ ಅವ. ನಮ್ಮವೇ ಕಡದಾವಂತ ಅವುಗಳ ಮ್ಯಾಲೆ ಹೆಸರು ಬರದದೇನು?”

“ಇರ್ಲಿ ಬಿಡವ್ವಾ,” ಎಂದರು ಅಪ್ಪ. “ಆಕಿ ನಮ್ಮ ಸಾಲಿ ಅಕ್ಕೋರು. ನಾನು ಸಾಲಿ ಕಮಿಟ್ಯಾಗ ಅದೇನಿ. ನಾಕು ಮಂದ್ಯಾಗ ಇಜ್ಜತ್ ಪ್ರಶ್ನಿ ಬರ್ತದ. ಮಲ್ಲಣ್ಣಾ, ಇನ್ನ ಮ್ಯಾಲೆ ಬ್ಯಾರೆ ಕಡಿಗಿ ಬಿಡು.”

“ಎಲ್ಲಿ ಬಿಡ್ಲಿ ಹೇಳಣ್ಣಾ. ಮಟಕಿ ದಾರ್ಯಾಗ ಬಿಡ್ಲೇನು?”

“ಅಲ್ಲಿ ನಿಮ್ಮಕ್ಕನ ಹೊಲ ಅದಲ್ಲೋ ಹುಚ್ಚಾ!” ಎಂದಳು ಆಯಿ.

“ಕಿಣ್ಣಿ ಸುಲ್ತಾನ ಕಡಿಗಿ?”

“ನಮ್ಮದೇ ತೊಗರಿ ಹೊಲ ಅದ. ತಲಿ ನೆಟ್ಟಗದ ಏನು ನಿಂದು?” ಎಂದರು ಅಪ್ಪ.

“ಪೇಟಿ ಕಡಿಗಿ ಗೋದಾಮ ಅವ. ಮಠದ ಬಗೀಚಾದಾಗ ಬಿಟ್ಟು ಬರ್ಲೇನು ಮತ್ತ?”

“ಶಿವ ಶಿವಾ! ಬಾಯಿಗಿ ಬಂದಿದ್ದು ಆಡಬ್ಯಾಡ.”

ಕಾಕಾ ಎರಡೂ ಕೈ ಚೆಲ್ಲಿದ. “ಹಂಗಾರ ನೀವ ಹೇಳ್ರಿ. ಎಲ್ಲಿ ನೋಡಿದ್ರೂ ಒಬ್ಬಿಲ್ಲ ಒಬ್ಬರು ಅದಾರ.”

ಪ್ರತಿ ದಿಕ್ಕಿಗೂ ಒಂದು ಹೆಸರಿತ್ತು, ಒಂದು ಸಂಬಂಧವಿತ್ತು, ಒಂದು ಮರ್ಯಾದೆಯಿತ್ತು. ಅಪ್ಪ ಶೇಂಗಾ ಹಿಂಡಿ ಕೇಳಿದರು, ಅವ್ವ ಬಡಿಸಿದಳು. ಆಯಿ ತೊಗರಿಯ ಧಾರಣೆಯ ಮಾತು ತೆಗೆದಳು. ಇನ್ನೊಂದು ಹೆಗ್ಗಣ ಬಿದ್ದ ದಿನ ನಾನು ಬಾಗಿಲಲ್ಲಿ ನಿಂತು ನೋಡಿದೆ. ಕಾಕಾನ ಸೈಕಲ್ಲು ಓಣಿಯ ಕೊನೆಗೆ ಹೋಗಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಹಳ್ಳದ ಕಡೆಗೇ ತಿರುಗಿತು. ವಾಪಸ್ಸು ಬಂದವನು ನನ್ನ ಮುಖ ನೋಡದೆ ಒಳಗೆ ಹೋದ.

ಮುಂದಿನ ರವಿವಾರ ಅಕ್ಕೋರು ನಮ್ಮ ಮನೆಗೆ ಬಂದರು. ಅದೇ ಗಂಜಿಯ ಸೀರೆ, ಅದೇ ಕೊಡೆ. ಅಪ್ಪ ಎದ್ದು ಕುರ್ಚಿ ಹಾಕಿದರು. ಆಯಿ ಪಡಸಾಲೆಯ ಗೂಡಿನ ಕಡೆ ಕಣ್ಣು ಮಾಡಿದಳು. ಆ ಗೂಡಿನಲ್ಲಿ ಕಿವಿ ಮುರಿದ ಪಿಂಗಾಣಿ ಕಪ್ಪು ಒಂದಿತ್ತು. ಹಮಾಲರು, ತೊಗರಿ ಹಸನು ಮಾಡುವವರು ಬಂದರೆ ಅದರಲ್ಲಿ ಚಹಾ. ಒಳಗೆ ಗೋಡೆಯ ಮೇಲೆ ಸ್ಟೀಲಿನ ಲೋಟಗಳು ಸಾಲಾಗಿ ಹೊಳೆಯುತ್ತಿದ್ದವು. ಅವ್ವ ಒಂದು ಗಳಿಗೆ ಆ ಲೋಟಗಳ ಮುಂದೆ ನಿಂತಳು. ಆಮೇಲೆ ಗೂಡಿನ ಕಪ್ಪನ್ನೇ ತೆಗೆದು ಚಹಾ ಸುರಿದು ನನ್ನ ಕೈಗೆ ಕೊಟ್ಟಳು. ನನ್ನ ಅಕ್ಷರ ತಿದ್ದುವ ಕೈಗೆ ನಾನು ಕಿವಿ ಮುರಿದ ಕಪ್ಪು ಕೊಟ್ಟೆ. ಅಕ್ಕೋರು ಅದನ್ನು ತಿರುಗಿಸಿ ನೋಡಿದರು, ತೆಗೆದುಕೊಂಡರು, ಕುಡಿಯಲಿಲ್ಲ.

“ನಮ್ಮ ಹುಡುಗಿ ಓದಾಕ ಹ್ಯಾಂಗದಾಳ್ರಿ ಬಾಯಿ?” ಆಯಿ ಅವರನ್ನು ‘ಬಾಯಿ’ ಎಂದು ಕರೆದು ಕೇಳಿದಳು.

“ಶಾಣ್ಯಾ ಅದಾಳ್ರಿ. ನಾ ಬಂದದ್ದು ಬ್ಯಾರೆ ಕೆಲಸಕ್ಕ. ನಿಮ್ಮ ಪಿಂಜರಾ ಜರಾ ಕೊಟ್ರ ಉಪಕಾರ ಆಗ್ತದ. ನಮ್ಮ ಓಣ್ಯಾಗ ಹೆಗ್ಗಣ ಭಾಳ ಆಗ್ಯಾವ.”

ಅವು ಎಲ್ಲಿಂದ ಬಂದವು ಎಂದು ಅವರು ಹೇಳಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಅವರು ಅದನ್ನು ಹೇಳದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಆ ಮಾತು ತೆಗೆದದ್ದು ಆಯಿಯೇ, ತನಗೆ ಗೊತ್ತಿಲ್ಲದೆ.

“ಹಿಡದು ಎಲ್ಲಿ ಬಿಡ್ತೀರಿ?”

ಅಪ್ಪ ಕೆಮ್ಮಿದರು. ಅಕ್ಕೋರು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಕಮಿಟಿಯಲ್ಲಿರುವ ಮನುಷ್ಯ ಎದುರಿಗೇ ಕುಳಿತಿದ್ದ, ಅವರ ನೌಕರಿ ಅವನ ಒಂದು ಮಾತಿನ ಮೇಲಿತ್ತು.

“ಅದನ್ನೇ ಕೇಳಾಕ ಬಂದೇನ್ರಿ ಆಯಿ. ಯಾರೂ ಇಲ್ಲದ ಜಾಗ ನಿಮಗ ಗೊತ್ತಿರ್ತದ.”

“ನೀವು ಬಿಡಾಂಗಿಲ್ಲ. ಕೊಲ್ತೀರಿ.”

“ಹೌದ್ರಿ, ಕೊಲ್ತೇವಿ. ನಮ್ಮ ಅವ್ವನ ಕಾಲು ಉಳೀಬೇಕಲ್ರಿ.”

“ಕೊಲ್ಲಾಕ ನಮ್ಮ ಮನಿ ಪಿಂಜರಾ ಕೊಡಾಂಗಿಲ್ಲ ಬಾಯಿ. ಆ ಪಾಪ ನಮಗ ಬ್ಯಾಡ.”

ಅಪ್ಪ ಆಯಿಗೆ ‘ಅವ್ವಾ’ ಎಂದರು, ಅಷ್ಟೇ. ಈಗಲೂ ಆ ಪಡಸಾಲೆ ನೆನೆದರೆ ನನಗೆ ಮೊದಲು ನೆನಪಾಗುವುದು ಅಪ್ಪ ನೆಲ ನೋಡುತ್ತ ಕುಳಿತಿದ್ದ ರೀತಿ. ಅಷ್ಟು ದೊಡ್ಡ ವ್ಯಾಪಾರಿ, ಮಾರ್ಕೆಟ್ಟಿನಲ್ಲಿ ಹತ್ತು ಜನರ ಬಾಯಿ ಮುಚ್ಚಿಸುವ ಮನುಷ್ಯ! ಅಕ್ಕೋರು ಎದ್ದರು, ಕಪ್ಪನ್ನು ಹೊಸ್ತಿಲ ಪಕ್ಕ ಇಟ್ಟರು, ‘ಇರ್ಲಿ ಬಿಡ್ರಿ, ತ್ರಾಸ ಕೊಟ್ಟೆ’ ಎಂದು ಕೊಡೆ ಬಿಚ್ಚಿಕೊಂಡು ಹೋದರು. ಚಹಾದ ಮೇಲೆ ಕೆನೆ ಕಟ್ಟಿತ್ತು. ಆಯಿ ನನಗೆ ಅದನ್ನು ಚೆಲ್ಲಿ, ಕಪ್ಪು ತೊಳೆದು ಗೂಡಿನಲ್ಲಿಡಲು ಹೇಳಿದಳು. ನಾನು ಹೇಳಿದಂತೆ ಮಾಡಿದೆ.

ಮರುದಿನ ಬೆಳಿಗ್ಗೆ ಪಿಂಜರಾದಲ್ಲಿ ಹೆಗ್ಗಣ ಬಿದ್ದಿತ್ತು. ಆಯಿ ಇನ್ನೂ ಪೂಜೆಯಲ್ಲಿದ್ದಳು. ನಾನು ಹಲ್ಲುಜ್ಜುತ್ತ ಬಚ್ಚಲ ಬಾಗಿಲಲ್ಲಿದ್ದೆ. ಅವ್ವ ಒಲೆ ಬಿಟ್ಟು ಹಿತ್ತಲಿಗೆ ಬಂದಳು, ಕಚ್ಚೆ ಬಿಗಿದು ಕಟ್ಟಿದಳು, ಪಿಂಜರಾವನ್ನು ಎರಡೂ ಕೈಯಿಂದ ಎತ್ತಿ ಬಾವಿಯ ಪಕ್ಕದ ಕಲ್ಲಿನ ದೋಣಿಯ ಹತ್ತಿರ ಹೋದಳು. ದನಗಳಿದ್ದ ಕಾಲದ ದೋಣಿ, ಈಗ ಗಿಡಕ್ಕೆ ಹಾಕುವ ನೀರು ತುಂಬಿರುತ್ತಿತ್ತು. ಅವಳು ಏನು ಮಾಡುತ್ತಾಳೆಂದು ನನಗೆ ತಿಳಿಯುವಷ್ಟರಲ್ಲಿ ಪಿಂಜರಾ ನೀರಿನೊಳಗೆ ಇಳಿದಿತ್ತು. ಅವ್ವ ಸೆರಗನ್ನು ಹಲ್ಲಿನಲ್ಲಿ ಕಚ್ಚಿ, ಮುಖ ಪಕ್ಕಕ್ಕೆ ತಿರುಗಿಸಿ, ತೋಳಿನ ಬಲವೆಲ್ಲ ಹಾಕಿ ಒತ್ತಿ ಹಿಡಿದಿದ್ದಳು. ನೀರು ಹೊಯ್ದಾಡಿ ಅವಳ ಎದೆಯೆಲ್ಲ ನೆನೆಯಿತು. ಅದು ಬೇಗ ಮುಗಿಯಲಿಲ್ಲ. ಮುಗಿದ ಮೇಲೆ ಅವ್ವ ಅಲ್ಲೇ ಕಲ್ಲಿಗೆ ಕೈಯೂರಿ ಕಾರಿಕೊಂಡಳು. ಆ ಸಪ್ಪಳಕ್ಕೆ ಆಯಿ ಓಡಿಬಂದಳು.

“ಕಾಶೀ! ಏನ್ ಮಾಡಿದಿ ಇದು! ಈ ಮನ್ಯಾಗ ಜೀವ ತಗದಿ!”

“ತಗದೇನ್ರಿ ಅತ್ತಿ. ಇಷ್ಟ ದಿನ ನಾವು ವಿಭೂತಿ ಹಚ್ಚಿ ಕಳಿಸ್ತಿದ್ದೆವು, ಕೊಲ್ಲೋ ಕೆಲಸ ಆ ಓಣಿಯವರಿಗಿ ಹಚ್ಚಿದ್ದೆವು. ನಮ್ಮ ಹಿತ್ತಲದ್ದು ನಮ್ಮ ಹಿತ್ತಲದಾಗ ಮುಗೀಲಿ.”

“ನಿಮ್ಮ ತವರ ಮನ್ಯಾಗ ಇದೇ ಕಲಿಸ್ಯಾರೇನು?”

“ನನಗ ಮೊದಲೇ ಗೊತ್ತಿತ್ರಿ. ಆಚೀಗಿ ಮಂದಿ ಅದಾರಂತ ನನಗ ಗೊತ್ತಿರಲಿಲ್ಲೇನು? ಗೆಣಸು ಉಳದ್ರ ಸಾಕಂತ ಬಾಯಿ ಮುಚ್ಕೊಂಡಿದ್ದೆ. ನನಗ ನಾಚಿಕಿ ಬರ್ತದ್ರಿ ಅತ್ತಿ.”

ಅವ್ವ ಆಯಿಗೆ ಅಷ್ಟುದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವಳು ತಗ್ಗು ತೋಡಿ ಹೆಗ್ಗಣವನ್ನು ಹೂತಳು, ತಲೆ ಮೇಲೆ ನೀರು ಹಾಕಿಕೊಂಡಳು, ಒದ್ದೆ ಕೂದಲಲ್ಲೇ ರೊಟ್ಟಿಗೆ ಕುಳಿತಳು. ಆಯಿ ಆ ದಿನ ಅವಳ ಕೈಯ ರೊಟ್ಟಿ ಮುಟ್ಟಲಿಲ್ಲ, ಎರಡು ಬಾಳೆಹಣ್ಣು ತಿಂದು ದೇವರ ಜಗಲಿಯ ಮುಂದೆ ಕುಳಿತಳು. ಪತ್ರಿ ಗಿಡ ಮುಟ್ಟಬೇಡವೆಂದು ಅವ್ವನಿಗೆ ಹೇಳಿ ಕಳಿಸಿದಳು. ಕಾಕಾ ಹಸಿವಿಲ್ಲ ಎಂದ. ಅಪ್ಪ ತಲೆಯೆತ್ತದೆ ಉಂಡು ಅಂಗಡಿಗೆ ಹೋದರು. ಇನ್ನು ನಾನು. ಅಕ್ಕೋರಿಗಾಗಿ ಅಷ್ಟು ಅತ್ತವಳು, ಅವ್ವ ನನಗೆ ರೊಟ್ಟಿ ಹಾಕಲು ಬಗ್ಗಿದಾಗ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡೆ. ಕೈ ತಾನಾಗಿ ಎಳೆಯಿತು. ಅವ್ವ ನೋಡಿದಳು. ರೊಟ್ಟಿಯನ್ನು ಬುಟ್ಟಿಗೆ ಹಾಕಿ ಒಲೆಯ ಕಡೆ ತಿರುಗಿದಳು. ಎಷ್ಟು ವರ್ಷವಾದರೂ ಆ ತಟ್ಟೆ ಎಳೆದ ಸಪ್ಪಳ ನನ್ನ ಕಿವಿಯಲ್ಲಿದೆ.

ಆ ದಿನ ಶಾಲೆಯಲ್ಲಿ ಅಕ್ಕೋರು ಎಂದಿನಂತೆ ಪಾಠ ಮಾಡಿದರು. ನನ್ನನ್ನು ಎಂದಿನಂತೆ ‘ನೀಲಾ’ ಎಂದು ಕರೆದರು. ಅದರಿಂದ ಇನ್ನಷ್ಟು ಕುಗ್ಗಿದೆ. ಸಂಜೆ ಮನೆಗೆ ಬಂದಾಗ ಅವ್ವ ಹಿತ್ತಲಿನಲ್ಲಿ ಕುಳಿತು ಬೂದಿ ಹಚ್ಚಿ ಪಿಂಜರಾ ತಿಕ್ಕುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

“ನೀಲಿ, ಅಕ್ಕೋರ ಅವ್ವನ ಕಾಲು ಈಗ ಹ್ಯಾಂಗದ?”

“ಗೊತ್ತಿಲ್ಲವ್ವಾ.”

“ದಿನಾ ಸಾಲಿಗಿ ಹೋಗ್ತಿ. ಕೇಳಿಲ್ಲೇನು?”

ಕೇಳಿರಲಿಲ್ಲ. ಅಷ್ಟು ದಿನ ನಾನು ಅತ್ತದ್ದೆಲ್ಲ ನನಗಾಗಿ: ಅಕ್ಕೋರು ನನ್ನನ್ನು ಹೇಗೆ ನೋಡುತ್ತಾರೆ, ಹುಡುಗಿಯರು ನಗುತ್ತಾರೆ, ಇನ್ನು ಮಲ್ಲಿಗೆ ಒಯ್ಯುವುದು ಹೇಗೆ. ಮನೆಯಲ್ಲಿ ನಡೆದ ಮಾತೆಲ್ಲ ಪಾಪದ್ದು, ಪಿಂಜರಾದ್ದು, ಇಜ್ಜತ್ತಿನದು. ಅಕ್ಕೋರು ಪಡಸಾಲೆಯಲ್ಲಿ ಕುಳಿತು ‘ನಮ್ಮ ಅವ್ವನ ಕಾಲು’ ಎಂದಾಗಲೂ ನಮ್ಮಲ್ಲಿ ಒಬ್ಬರೂ, ಹ್ಯಾಂಗದ್ರಿ ಈಗ, ಎಂದು ಕೇಳಿರಲಿಲ್ಲ. ಎದುರು ಸಿಕ್ಕ ಯಾರಿಗಾದರೂ ಕೇಳುವಂಥ ಮಾತು ಅದು. ಅವ್ವ ಪಿಂಜರಾಕ್ಕೆ ನೀರು ಸುರಿದು, ಎದ್ದು, ಅದನ್ನು ಸೊಂಟಕ್ಕೆ ಇಟ್ಟುಕೊಂಡಳು. ಗೋಣಿಚೀಲ ಹೊದಿಸಲಿಲ್ಲ.

“ನಡಿ. ಮನಿ ಕೇಳ್ಕೋತ ಹೋಗೂಣು.”

ಹಿತ್ತಲ ಬಾಗಿಲಿತ್ತು, ಅವ್ವ ಆ ಕಡೆ ಹೋಗಲಿಲ್ಲ. ಪಡಸಾಲೆ ದಾಟಿ, ಆಯಿಯ ಮುಂದೆಯೇ ನಡೆದಳು. ಆಯಿ ಎಲ್ಲಿಗೆ ಎಂದು ಕೇಳಿದಳು.

“ಅಕ್ಕೋರ ಮನಿಗ್ರಿ,” ಎಂದಳು ಅವ್ವ.

ಹಳ್ಳವೆಂದರೆ ಏನೋ ದೊಡ್ಡದು ಎಂದುಕೊಂಡಿದ್ದೆ. ಅವ್ವನ ಕಾಲುಂಗುರವೂ ಸರಿಯಾಗಿ ತೋಯಲಿಲ್ಲ. ದಾಟಿದ ಕೂಡಲೇ ಮನೆಗಳು, ಮನೆಗಳ ಮುಂದೆ ಹೊರಸು, ಹೊರಸಿನ ಮೇಲೆ ಜನ. ಅವರು ಮೊದಲು ಪಿಂಜರಾ ನೋಡಿದರು, ಆಮೇಲೆ ನಮ್ಮನ್ನು ನೋಡಿದರು. ಒಬ್ಬ ಮುದುಕ ದಾರಿಗೆ ಅಡ್ಡವಿದ್ದ ಹೊರಸನ್ನು ಎಳೆದುಕೊಂಡು ನಮಗೆ ಜಾಗ ಮಾಡಿಕೊಟ್ಟ. ದಾರಿಯ ಪಕ್ಕದ ಮಣ್ಣಿನ ಗೋಡೆಗಳ ಬುಡದಲ್ಲಿ ಅದೇ ಹಸಿ ಮಣ್ಣಿನ ಗುಡ್ಡೆಗಳಿದ್ದವು. ಸುಜಾತಾ ನಮ್ಮನ್ನು ಕಂಡು ಮುಂದೆ ಓಡಿದಳು.

“ಅಕ್ಕೋರ, ನೀಲಾನ ಅವ್ವ ಬಂದಾರ್ರಿ!”

ಅಕ್ಕೋರು ಹೊರಗೆ ಬಂದರು, ಪಿಂಜರಾ ನೋಡಿದರು, ಅವ್ವನನ್ನು ನೋಡಿದರು. ಅವ್ವ ಅದನ್ನು ಅವರ ಬಾಗಿಲ ಪಕ್ಕ ಇಳಿಸಿ, ‘ಇದು ಇಲ್ಲೇ ಇರ್ಲಿ’ ಎಂದಳು. ಅಕ್ಕೋರು ಬಾಗಿಲು ಬಿಟ್ಟು ಸರಿದು ‘ಒಳಗ ಬರ್ರಿ’ ಎಂದರು. ಒಳಗೆ ಕಿಟಕಿಯ ಹತ್ತಿರ ಗಾದಿಯ ಮೇಲೆ ಅವರ ತಾಯಿ ಕಾಲು ಚಾಚಿಕೊಂಡು ಕುಳಿತಿದ್ದರು. ಪಾದಕ್ಕೆ ಬಿಳಿ ಬಟ್ಟೆ ಸುತ್ತಿತ್ತು, ನಾನು ನೋಡಿದ್ದು ಅಷ್ಟೇ. ನಮ್ಮನ್ನು ಕಂಡವರೇ ಆ ಮುದುಕಿ ಗಾಬರಿಯಾಗಿ, ಪಕ್ಕದಲ್ಲಿದ್ದ ಕೌದಿಯನ್ನು ಸರಕ್ಕನೆ ಎಳೆದು ಕಾಲು ಮುಚ್ಚಿಕೊಂಡರು. ಮುಖದಲ್ಲಿ ನಾಚಿಕೆ.

“ಅಯ್ಯ, ದೊಡ್ಡ ಮನಿಯವರು ನೀವ್ಯಾಕ ಬರಾಕ ಹೋದ್ರಿ ತಾಯಿ? ಏನಿಲ್ಲ ಬಿಡ್ರಿ, ಸಣ್ಣ ಗಾಯ. ನಂದೇ ತಪ್ಪು, ಮೈಮರತು ಮಲ್ಕೊಂಡಿದ್ದೆ.”

ಅವ್ವ ಅವರ ಕಾಲ ಹತ್ತಿರ ನೆಲದ ಮೇಲೆ ಕುಳಿತಳು. “ಒಮ್ಮಿ ತೋರಸ್ರಿ ಯಕ್ಕಾ,” ಎಂದಳು. ಅಕ್ಕೋರೂ ‘ತೋರಸವ್ವಾ’ ಎಂದರು. ಮುದುಕಿ ತಲೆ ಅಲ್ಲಾಡಿಸಿದರು. ನಡೆದು ಬಂದೀರಿ, ನೀರು ಕುಡೀರಿ ಎಂದರು. ನನ್ನನ್ನು ಯಾವ ಇಯತ್ತೆ ಎಂದು ಕೇಳಿದರು. ಚಹಾ ಮಾಡಲು ಮಗಳಿಗೆ ಅವಸರ ಮಾಡಿದರು, ನಾವು ಚಹಾ ಕುಡಿದೆವು, ಇನ್ನೊಮ್ಮೆ ಅವ್ವ ಕೇಳಿದಳು. ನಾವು ಎದ್ದು ಬರುವ ತನಕ ಆಕೆ ಎರಡೂ ಕೈಯಿಂದ ಹಿಡಿದಿದ್ದ ಕೌದಿಯ ಅಂಚನ್ನು ಬಿಡಲೇ ಇಲ್ಲ.